ಈ ಬೇಸಿಗೆಯ ತಂಗುದಾಣಗಳು

ಮೇ 4

ಔಷಧಿ ಕೊಟ್ಟ ಹೊತ್ತು ಬರೆದಿಡಲು ನರ್ಸಮ್ಮ ಈ ನೋಟುಪುಸ್ತಕ ಕೊಟ್ಟಳು. ಬೆಳಿಗ್ಗೆ ಒಂದು ಬಿಳಿ ಮಾತ್ರೆ, ಸಂಜೆ ಎರಡು ಹಳದಿ. ಇಷ್ಟಕ್ಕೆ ಇನ್ನೂರು ಪುಟ ಯಾಕೆ? ಉಳಿದದ್ದರಲ್ಲಿ ನನಗೆ ತೋಚಿದ್ದು ಬರೆಯುತ್ತೇನೆ. ಮನೆಯಲ್ಲಿ ಮಾತಾಡಲು ಇನ್ಯಾರಿದ್ದಾರೆ.

ಇವರಿಗೆ ಲಕ್ವ ಹೊಡೆದು ಇಂದಿಗೆ ಏಳು ವಾರ. ಬಲಗೈ, ಬಲಗಾಲು ಎರಡೂ ಹೋಗಿವೆ, ನಾಲಿಗೆ ಅರ್ಧ ಬಿದ್ದಿದೆ. "ಹೂಂ" ಅನ್ನುತ್ತಾರೆ, "ಊಹೂಂ" ಅನ್ನುತ್ತಾರೆ, ಇಲ್ಲವೇ "ಬುಲಾಕ್" ಅನ್ನುತ್ತಾರೆ. ಅಷ್ಟೇ. ಬುಲಾಕ್ ಅಂದರೆ ಸಾರಿ-ಬುಲಾಕ್, ಹಳದಿ ಬುಗ್ಗೆ. ಕಣಿವೆಯ ಆಚೆ ಎಲ್ಲೋ ಇರುವ ಆ ಬುಗ್ಗೆಯ ಪಕ್ಕ, ಬೇಸಿಗೆಯ ಗುಡಾರದಲ್ಲಿ, ನಮ್ಮತ್ತೆ ಇವರನ್ನು ಹೆತ್ತಳಂತೆ. ವರ್ಷಕ್ಕೊಮ್ಮೆ ಇವರೊಬ್ಬರೇ ಕುದುರೆ ಹತ್ತಿ ಹೋಗಿ ಬರುತ್ತಿದ್ದರು. ದಾರಿ ನನಗೂ ಗೊತ್ತಿಲ್ಲ, ಇವರ ತಮ್ಮ ಶಾರ್ಶೆನನಿಗೂ ಗೊತ್ತಿಲ್ಲ. ಮದುವೆಯಾಗಿ ಇಪ್ಪತ್ತಾರು ವರ್ಷ. "ನನ್ನನ್ನೂ ಒಂದ್ಸಲ ಕರ್ಕೊಂಡು ಹೋಗ್ರಿ" ಅಂದಾಗಲೆಲ್ಲ "ಹೆಂಗಸ್ರಿಗೆ ಅಲ್ಲೇನು ಕೆಲಸ" ಅನ್ನುತ್ತಿದ್ದರು.

ಇಂದು ಸೂಪು ಕುಡಿಸುವಾಗ ಎಡಗೈಯಿಂದ ನನ್ನ ಮಣಿಕಟ್ಟು ಹಿಡಿದು "ಬುಲಾಕ್, ಬುಲಾಕ್" ಅಂದರು. ಕಣ್ಣಲ್ಲಿ ನೀರು. "ಆಗ್ಲಿ, ಈ ಬೇಸಿಗೇಲೇ ಕರ್ಕೊಂಡು ಹೋಗ್ತೀನಿ. ಕುದುರೆಗೆ ಕಟ್ಕೊಂಡಾದ್ರೂ ಹೋಗ್ತೀನಿ" ಅಂದೆ. ಇಬ್ಬರೂ ಅತ್ತೆವು. ಸೂಪು ಆರಿ ಕೊಬ್ಬು ಕೆನೆಗಟ್ಟಿತು. ಮತ್ತೆ ಬಿಸಿ ಮಾಡಿದೆ.

ಮೇ 7

ಬಿಷ್ಕೆಕ್‌ನಿಂದ ಲಿರಾ ಫೋನ್ ಮಾಡಿದ್ದಳು. ಕುದುರೆ ಮೇಲೆ ಬೆಟ್ಟ ಸುತ್ತಲು ಬರುವ ಪರದೇಶದವರನ್ನು ನಮ್ಮ ಮನೆಗೆ ಕಳಿಸುವವಳು ಅವಳೇ. ನನ್ನನ್ನು ಎಜೆ, ಅಂದರೆ ಅಕ್ಕ, ಅನ್ನುತ್ತಾಳೆ.

"ಉಲ್ಕಾನ್ ಎಜೆ, ಬೇಜಾರು ಮಾಡ್ಕೋಬೇಡಿ. ಮೂರು ತಂಡ ಬುಕ್ ಆಗಿದೆ. ಯಾವ ದಿನ ಎಲ್ಲಿ ತಂಗೋದು ಅಂತ ಇಪ್ಪತ್ತನೇ ತಾರೀಕಿನೊಳಗೆ ನಂಗೆ ಪಟ್ಟಿ ಬೇಕು. ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡಿ, ಬೇರೆ ಮನೆ ನೋಡ್ತೀನಿ."

"ಶಾರ್ಶೆನ್ ಇದಾನಲ್ಲ, ಕರ್ಕೊಂಡು ಹೋಗ್ತಾನೆ" ಅಂದೆ.

"ಕರ್ಕೊಂಡೇನೋ ಹೋಗ್ತಾರೆ ಎಜೆ. ಎಲ್ಲಿಗೆ ಅನ್ನೋದೇ ಪ್ರಶ್ನೆ."

ಅವಳ ಮಾತು ಸುಳ್ಳಲ್ಲ. ಹೋದ ವರ್ಷ ಶಾರ್ಶೆನ್ ಒಬ್ಬನೇ ಐದು ಜನರನ್ನು ಕರೆದೊಯ್ದು ಜೌಗಿನಲ್ಲಿ ಗುಡಾರ ಹೊಡೆಸಿದ್ದ. ಬೆಳಗಾಗುವಷ್ಟರಲ್ಲಿ ಎಲ್ಲರ ಬೂಟೂ ತೇಲುತ್ತಿದ್ದವಂತೆ. ಯಾವ ಹುಲ್ಲುಗಾವಲಿಗೆ ಯಾವ ವಾರ ಹೋಗಬೇಕು, ಯಾವ ಹೊಳೆಯನ್ನು ಮಧ್ಯಾಹ್ನದೊಳಗೆ ದಾಟಬೇಕು, ಯಾವ ಕುರಿಗಾರನ ನಾಯಿ ಕಚ್ಚುತ್ತದೆ ಎಲ್ಲವೂ ಇವರ ತಲೆಯೊಳಗಿದೆ. ಒಂದನ್ನೂ ಬರೆದಿಟ್ಟಿಲ್ಲ. ನಾನೋ ತಲಾಸ್ ಕಡೆಯಿಂದ ಬಂದ ಸೊಸೆ. ಈ ಬೆಟ್ಟಗಳನ್ನು ಅಂಗಳದಿಂದ ನೋಡಿದ್ದೇ ಹೆಚ್ಚು.

ಮೇ 11

ಭೇಷ್, ನನಗೂ ಬುದ್ಧಿಯಿದೆ! ಇವರ ಕಾಲ ಮೇಲೆ ಉಣ್ಣೆಯ ಜಮಖಾನ ಹೊದಿಸಿ ಅಲ್ಲಲ್ಲಿ ಮಡಿಸಿ ಎತ್ತರ ಮಾಡಿದೆ. ಮಂಡಿ ಬೆಟ್ಟ ದಾಟುವ ದೊಡ್ಡ ಕಣಿವೆಬಾಗಿಲು, ಪಾದ ನಮ್ಮೂರು, ನೀಲಿ ಅಂಚು ಹೊಳೆ. ಆಮೇಲೆ ಒಣಮೊಸರಿನ ಉಂಡೆಗಳನ್ನು ಒಂದು ಬಟ್ಟಲು ತುಂಬ ಕೊಟ್ಟು, "ಗುಡಾರ ಎಲ್ಲೆಲ್ಲಿ ಹಾಕ್ಬೇಕು, ಉಂಡೆ ಇಟ್ಟು ತೋರಿಸಿ" ಅಂದೆ.

ಇವರ ಮುಖದ ಎಡಭಾಗ ನಕ್ಕಿತು. ಎಷ್ಟು ದಿನವಾಗಿತ್ತು ಆ ನಗು ನೋಡಿ. ನಾನು ತಪ್ಪು ಜಾಗದಲ್ಲಿಟ್ಟರೆ ಉಂಡೆ ತೆಗೆದು ನೆಲಕ್ಕೆ ಎಸೆಯುತ್ತಿದ್ದರು. ಸರಿಯಾದರೆ "ಹೂಂ". ಮೂರು ಗಂಟೆ ಹೊತ್ತು ಹಾಗೇ ಆಡಿದೆವು. ಆಟ ಮುಗಿದಾಗ ನೆಲದ ತುಂಬ ಉಂಡೆ. ಒಂದು ಉಂಡೆ ನಮ್ಮ ಮದುವೆ ಫೋಟೋಗೆ ತಗುಲಿ ಗಾಜು ಸೀಳಿದೆ. ಇರಲಿ ಬಿಡು.

ಮೊದಲ ತಂಡದ ನಾಲ್ಕು ದಿನ ಗೊತ್ತಾಯಿತು.

ಮೇ 18

ಎರಡನೆಯದೂ ಹೆಚ್ಚುಕಡಿಮೆ ಆಯಿತು. ಕಷ್ಟವಿರುವುದು ಮೂರನೆಯದರಲ್ಲಿ. ಒಂಬತ್ತು ದಿನದ ಪಯಣ, ಚೆನ್ನಾಗಿ ಕುದುರೆ ಬಲ್ಲ ಡಚ್ಚರು. ಬೇರೆ ಯಾರೂ ಕಾಲಿಡದ ಜಾಗ ಬೇಕಂತೆ. ಎರಡು ದಿನದಿಂದ ಉಂಡೆ ಇಡಿಸುತ್ತಿದ್ದೇನೆ. ಐದನೇ ದಿನದವರೆಗೆ ಬಂದು ಕೈ ನಿಲ್ಲಿಸುತ್ತಾರೆ.

"ಬುಲಾಕಿಗೆ ಕಳ್ಸೋಣ" ಅಂದೆ.

"ಊಹೂಂ."

"ಯಾಕೆ?"

ಎಡಗೈಯಿಂದ ಎದೆ ತಟ್ಟಿಕೊಂಡರು. ನನ್ನದು, ಅಂತ.

ಸಿಟ್ಟು ಬಂತು. ಮಲ ಮೂತ್ರ ಬಾಚುವವಳು ನಾನು, ಬುಗ್ಗೆ ಮಾತ್ರ ಇವರದ್ದು. ಸಂಜೆ ಚಹಾ ತಡವಾಗಿ ಕೊಟ್ಟೆ. ಬೇಕೆಂದೇ ಅಲ್ಲ, ಹಸು ಕರೆಯುವುದಿತ್ತು. ಲಿರಾಳಿಗೆ ಎರಡು ಪಟ್ಟಿ ಕಳಿಸಿ, ಮೂರನೆಯದು ಜುಲೈಗೆ ಕೊಡುತ್ತೇನೆ, ಅದ್ಭುತ ಜಾಗ ಇದೆ ಅಂದೆ.

ಜೂನ್ 15

ಮೊದಲ ತಂಡ ನಿನ್ನೆ ವಾಪಸು ಬಂತು. ಹೊಗಳಿಕೆಯೋ ಹೊಗಳಿಕೆ! ಒಬ್ಬಳು ನನ್ನನ್ನು ತಬ್ಬಿಕೊಂಡು ಕೆನ್ನೆಗೆ ಮುತ್ತಿಟ್ಟಳು.

"ಅತ್ತಿಗೆ, ನೀವು ಹೇಳಿದ ಕಡೆಯೆಲ್ಲ ಹುಲ್ಲು ಮಂಡಿಮಟ್ಟ ಇತ್ತು. ಅಣ್ಣನ್ನೇ ಮೀರಿಸಿಬಿಟ್ರಿ" ಅಂದ ಶಾರ್ಶೆನ್.

"ಹೇಳಿದ್ದು ನಿಮ್ಮಣ್ಣನೇ ಕಣೋ" ಅಂದೆ. ಆಮೇಲೆ ಯೋಚಿಸಿದೆ. ಕೇಳುವುದು ಹೇಗೆಂದು ಗೊತ್ತಿದ್ದದ್ದು ನನಗೆ ತಾನೇ? ಲಿರಾ ಫೋನಿನಲ್ಲಿ "ಎಜೆ, ನೀವೇ ನಮ್ಮ ಹೊಸ ಗೈಡ್" ಅಂದಾಗ ಹೂಂ ಅಂದೆ, ತಿದ್ದಲಿಲ್ಲ.

ಇವರ ಬಿಳಿ ಉಣ್ಣೆಟೋಪಿ ಗೂಟದ ಮೇಲೆ ಸುಮ್ಮನೆ ಧೂಳು ತಿನ್ನುತ್ತಿತ್ತು. ಅಂಗಳದಲ್ಲಿ ಬಿಸಿಲಿಗೆ ಹಾಕಿಕೊಂಡೆ. ನನಗೇ ಒಪ್ಪುತ್ತದೆ.

ಜೂನ್ 24

ಶಾರ್ಶೆನ್ ಬಂದು ತಲೆ ತಿಂದ. "ಅತ್ತಿಗೆ, ಅಣ್ಣ ಕಿಟಕಿಯಿಂದ ಬೆಟ್ಟ ನೋಡ್ತಾ ನೋಡ್ತಾ ಕರಗಿ ಹೋಗ್ತಿದಾನೆ. ಹಿಮ ಕರಗಿದೆ, ಕಣಿವೆಬಾಗಿಲು ತೆರೆದಿದೆ. ಈಗ್ಲೇ ಬುಲಾಕಿಗೆ ಹೋಗ್ಬಿಡೋಣ, ದಾರಿ ಅಣ್ಣನೇ ತೋರಿಸ್ತಾನೆ. ನಾನು ಹಿಂದೆ ಕೂತು ಹಿಡ್ಕೋತೀನಿ."

"ಎರಡನೇ ತಂಡ ಬರ್ತಿದೆ. ಕುದುರೆಗಳಿಗೆ ಲಾಳ ಯಾರು ಹೊಡೆಸ್ತಾರೆ, ನಿಮ್ಮಜ್ಜನಾ?"

"ಮೂರೇ ದಿನದ ಮಾತು ಅತ್ತಿಗೆ."

"ಜುಲೈಯಲ್ಲಿ ನೋಡೋಣ."

ಒಳಗೆ ಮಲಗಿದ್ದ ಮುದುಕ ಕೇಳಿಸಿಕೊಂಡಿರಬೇಕು. ಊಟಕ್ಕೆ ಬಾಯಿ ತೆರೆಯಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ. ಹಸಿವಾದಾಗ ತಾವೇ ತಿನ್ನುತ್ತಾರೆ.

ಎರಡನೇ ಪಟ್ಟಿಯಲ್ಲಿ ಒಂದು ತಂಗುದಾಣ ಬದಲಿಸಬೇಕಾಯಿತು, ಸೇತುವೆ ಕುಸಿದಿದೆಯಂತೆ. ಬದಲಿಗೆ ಎಲ್ಲಿ ಅಂತ ಕೇಳಿದೆ. ಬಹಳ ಹೊತ್ತು ಯೋಚಿಸಿ ಎಡಮಂಡಿಯ ಹಿಂದೆ ಉಂಡೆ ಇಟ್ಟರು. ಅದು ಕಾರಾ-ಜಿಲ್ಗಾ ಹುಲ್ಲುಗಾವಲು. "ಖಂಡಿತಾನಾ?" ಅಂದೆ. "ಹೂಂ." ಲಿರಾಳಿಗೆ ತಿಳಿಸಿದೆ.

ಜುಲೈ 5

ಮರ್ಯಾದೆ ಹೋಯಿತು. ಹೋಯಿತು.

ಕಾರಾ-ಜಿಲ್ಗಾದಲ್ಲಿ ಜುಲೈ ಮೊದಲ ಎರಡು ವಾರ ಕುದುರೆನೊಣ ಮೋಡದಂತೆ ಏಳುತ್ತವಂತೆ. ಅದು ಈ ಊರಿನ ಹಾಲುಗಲ್ಲದ ಮಗುವಿಗೂ ಗೊತ್ತಂತೆ. ತಲಾಸ್‌ನಿಂದ ಬಂದ ಈ ದಡ್ಡಿಗೆ ಗೊತ್ತಿಲ್ಲ! ಕುದುರೆಗಳು ಗೂಟ ಕಿತ್ತು ಓಡಿದವು. ಏಳರಲ್ಲಿ ನಾಲ್ಕು ಸಿಗಲು ಒಂದೂವರೆ ದಿನ ಬೇಕಾಯಿತು. ಜರ್ಮನಿಯ ಮೇಷ್ಟ್ರೊಬ್ಬರ ಕಣ್ಣು ಊದಿ ಮುಚ್ಚಿಹೋಗಿದೆ. ಶಾರ್ಶೆನ್ ಅಷ್ಟರಲ್ಲಿ ಲಾಳ ಹೊಡೆಸಲು ಕೆಳಗಿನೂರಿಗೆ ಹೋಗಿದ್ದ, ಪಟ್ಟಿಯಲ್ಲಿನ ಬದಲಾವಣೆ ಅವನಿಗೆ ತಿಳಿದದ್ದೇ ದಾರಿಯಲ್ಲಿ. "ಅಲ್ಲಿಗಾ? ಈಗ್ಲಾ?" ಅಂದನಂತೆ. "ಅತ್ತಿಗೆ ಹೇಳಿದಾರೆ" ಅಂತ ಹೋದನಂತೆ. ಅವನ ತಲೆಗೂ ಲಕ್ವ ಹೊಡೆದಿರಬೇಕು.

ಬಾವಿಕಟ್ಟೆಯಲ್ಲಿ ಹೆಂಗಸರು ನನ್ನನ್ನು ನೋಡಿ ಕೈಯಿಂದ ನೊಣ ಓಡಿಸಿದಂತೆ ಮಾಡಿ ಕಿಸಿಕಿಸಿ ನಕ್ಕರು.

ಮನೆಗೆ ಬಂದು ಮುದುಕನೆದುರು ನಿಂತು "ಗೊತ್ತಿದ್ದೇ ಮಾಡಿದ್ಯಾ?" ಅಂದೆ. ಅವನ ಎಡಮುಖ ನಕ್ಕಿತು. ಟೆಮಿರಾಲೀ! ಅಂತ ಕಿರುಚಿದೆ. ಇಪ್ಪತ್ತಾರು ವರ್ಷದಲ್ಲಿ ಗಂಡನ ಹೆಸರು ಬಾಯಿಗೆ ಬಂದದ್ದು ಇದೇ ಮೊದಲು. ಪಕ್ಕದ ಮನೆಯ ಬಾತ್ಮಾ ಕೇಳಿಸಿಕೊಂಡಿರುತ್ತಾಳೆ. ಕೇಳಿಸಿಕೊಳ್ಳಲಿ.

ಜುಲೈ 6

ಮಂಚವನ್ನು ಹಿಂದಿನ ಕೋಣೆಗೆ ಹಾಕಿಸಿದೆ. ಆಲೂಗಡ್ಡೆ ಚೀಲ ಇಡುವ ಕೋಣೆ. ತಂಪಾಗಿದೆ, ನೊಣ ಬರುವುದಿಲ್ಲ, ಅವನಿಗೂ ಒಳ್ಳೆಯದೇ. ಕಿಟಕಿಯ ಕೋಣೆ ಹೇಗೂ ಅತಿಥಿಗಳಿಗೆ ಬೇಕಿತ್ತು. ಬೆಳಕು ಚೆನ್ನಾಗಿದೆ, ಬೆಟ್ಟ ಪೂರ್ತಿ ಕಾಣುತ್ತದೆ.

ಜುಲೈ 12

ಆರು ದಿನ ಗೋಡೆ ನೋಡಿ ಮುದುಕ ಮೆತ್ತಗಾದ. ಇಂದು ಜಮಖಾನ ತಂದು ಹೊದಿಸಿದೆ, ಉಂಡೆಯ ಬಟ್ಟಲು ಇಟ್ಟೆ.

"ನೋಡು, ಸುಮ್ಮನೆ ಹಟ ಬೇಡ. ಬುಲಾಕಿಗೆ ದಾರಿ ತೋರಿಸು, ಡಚ್ಚರ ಜೊತೆ ನಿನ್ನನ್ನೂ ಕರ್ಕೊಂಡು ಹೋಗ್ತೀನಿ. ತೋರಿಸ್ಲಿಲ್ಲ ಅಂದ್ರೆ ಇಲ್ಲೇ ಇರು, ಆಲೂಗಡ್ಡೆ ಜೊತೆ ಮೊಳಕೆ ಒಡಿ."

ನನ್ನನ್ನೇ ನೋಡಿದ. ಆಮೇಲೆ ಬುಟ್ಟಿಯಲ್ಲಿದ್ದ ರೊಟ್ಟಿಯ ಕಡೆ ಬೆರಳು ಮಾಡಿದ. ಆಣೆ ಬೇಕಂತೆ! ರೊಟ್ಟಿ ಕೈಗೆತ್ತಿಕೊಂಡು, "ಮಾತಿಗೆ ತಪ್ಪಿದ್ರೆ ಈ ರೊಟ್ಟಿ ನನ್ನನ್ನ ಹೊಡೀಲಿ" ಅಂದೆ. ಇದಕ್ಕಿಂತ ದೊಡ್ಡ ಆಣೆ ನಮ್ಮಲ್ಲಿಲ್ಲ.

ಆಗ ಉಂಡೆ ತೆಗೆದುಕೊಂಡ. ನಾನು ಕೇಳುತ್ತ ಹೋದೆ, ಅವನು ಹೂಂ, ಊಹೂಂ ಅನ್ನುತ್ತ ಹೋದ. ಜಲಪಾತದ ಎಡಕ್ಕೆ, ಮುಂದೆ ಬಂಡೆ ದಾರಿ ಮುಚ್ಚಿದೆ ಅನ್ನಿಸುವ ಕಡೆ ಮುಚ್ಚಿರುವುದಿಲ್ಲ, ಅದರ ಬೆನ್ನಿಗೆ ಒಂದು ಕುದುರೆ ಹಿಡಿಸುವಷ್ಟು ಸಂದು. ಸಂದಿನಾಚೆ ಇಳಿದರೆ ಬುಗ್ಗೆ. ಮೂರು ಸಲ ತೋರಿಸಲು ಹೇಳಿದೆ. ಮೂರು ಸಲವೂ ಒಂದೇ ಜಾಗ. ಈ ಸಲ ಸುಳ್ಳಲ್ಲ. ಕೊನೆಯ ಉಂಡೆ ಇಟ್ಟು ಅದರ ಮೇಲೆ ಅಂಗೈ ಮುಚ್ಚಿ ಬಹಳ ಹೊತ್ತು ಅತ್ತ.

ನಕ್ಷೆ ಬರೆದುಕೊಂಡೆ. ಲಿರಾಳಿಗೆ ಕಳಿಸಿದೆ.

ಜುಲೈ 17

ಆಣೆಯ ಸುದ್ದಿ ಕೇಳಿದಂದಿನಿಂದ ಶಾರ್ಶೆನ್ ಹಗಲೆಲ್ಲ ಗರಗಸ ಹಿಡಿದು ಕೂತಿದ್ದವನು ಇಂದು ಏನು ತಂದ ಗೊತ್ತೇ? ಮಕ್ಕಳನ್ನು ಮೊದಲ ಸಲ ಕುದುರೆ ಹತ್ತಿಸುವಾಗ ಬೀಳದಂತೆ ಕೂರಿಸುತ್ತೇವಲ್ಲ, ಸುತ್ತಲೂ ಕಟ್ಟಿಗೆಯ ಕಟಕಟೆ ಇರುವ ಜೀನು, ಅಂಥದ್ದೇ ದೊಡ್ಡದು. ಬೆನ್ನಿಗೆ ಹಲಗೆ, ಸೊಂಟಕ್ಕೆ ಚರ್ಮದ ಪಟ್ಟಿ, ಬಲಗಾಲಿಗೆ ಉಣ್ಣೆ ಸುತ್ತಿದ ತೊಟ್ಟಿಲು.

"ಅಣ್ಣ, ನೀನು ನನ್ನ ಮೊದಲು ಹತ್ತಿಸಿದ್ಯಲ್ಲ, ಈಗ ನನ್ನ ಸರದಿ" ಅಂದ.

ಅಂಗಳದಲ್ಲಿ ಅಣ್ಣನನ್ನು ಅವನದೇ ಬೂದುಕುದುರೆಯ ಮೇಲೆ ಕೂರಿಸಿ ಎರಡು ಸುತ್ತು ಹಾಕಿಸಿದ. ಮುದುಕ ಎಡಗೈಯಲ್ಲಿ ಲಗಾಮು ಹಿಡಿದ. ಬೆನ್ನು ನೆಟ್ಟಗಾಯಿತು. ಹೀಗಿದ್ದನಲ್ಲವೇ ಅಂತ ನನಗೂ ಒಂದು ಗಳಿಗೆ ಎದೆ ಜುಂ ಅಂತು. ಅವನು ನಗುತ್ತಿದ್ದ, ಜೊಲ್ಲು ಸುರಿಯುತ್ತಿತ್ತು. ಡಚ್ಚರು ಆಗಷ್ಟೇ ವ್ಯಾನಿನಿಂದ ಇಳಿದಿದ್ದರು. ಎಲ್ಲರೂ ಫೋಟೋ ತೆಗೆದುಕೊಂಡರು.

ಜುಲೈ 19

ಹೊರಡುವ ದಿನ. ಬರೆಯಲು ಐದು ನಿಮಿಷವಿದೆ.

ಅವನು ಬೆಳಗಿನಿಂದ ಟೋಪಿ ಹಾಕಿಕೊಂಡು ಮಂಚದ ಅಂಚಿಗೆ ಕೂತಿದ್ದ. ಹೊಳೆ ದಾಟುವುದು ಮಧ್ಯಾಹ್ನದೊಳಗೆ ಆಗಬೇಕು, ಅದು ಅವನೇ ಕಲಿಸಿದ್ದು. ಆ ಜೀನು ಕಟ್ಟಲು ಮುಕ್ಕಾಲು ಗಂಟೆ, ದಾರಿಯಲ್ಲಿ ಎರಡು ಗಂಟೆಗೊಮ್ಮೆ ಇಳಿಸಿ ಒರೆಸಬೇಕು. ಒಂಬತ್ತು ದಿನ! ಅದೂ ಅಲ್ಲದೆ ಬೂದುಕುದುರೆಗೆ ಆ ದಾರಿ ಗೊತ್ತು, ಮುಂದೆ ಹೋಗುವವರು ಅದರ ಮೇಲಿರಬೇಕು. ಮುಂದೆ ಹೋಗುವವಳು ನಾನು.

ಬಾತ್ಮಾಳಿಗೆ ಬೀಗದ ಕೈ ಕೊಟ್ಟು, ಮುದುಕನನ್ನು ನೋಡಿಕೋ ಅಂದೆ. ಶಾರ್ಶೆನ್ ಮುಖ ಕೆಂಪಾಯಿತು. "ರೊಟ್ಟಿ ಹಿಡಿದು ಆಣೆ ಮಾಡಿದ್ರಿ ಅತ್ತಿಗೆ!"

"ಈ ಬೇಸಿಗೆ ಅಂತ ಮಾಡಿದ್ದೆ. ಬೇಸಿಗೆ ಮುಗಿದಿಲ್ಲವಲ್ಲ" ಅಂದೆ.

"ಅಣ್ಣಂಗೆ ಏನು ಹೇಳ್ಲಿ?"

"ಏನೂ ಹೇಳ್ಬೇಡ. ನಡಿ."

ಜುಲೈ 28

ವಾಪಸು ಬಂದೆ. ಸೊಂಟ ಬಿದ್ದುಹೋಗಿದೆ, ಆದರೂ ಎಷ್ಟೋ ವರ್ಷಗಳಲ್ಲಿ ಹೀಗೆ ನಿದ್ದೆ ಮಾಡಿರಲಿಲ್ಲ.

ಬುಲಾಕ್ ಇರುವುದು ಅವನು ಹೇಳಿದಲ್ಲೇ. ಸಂದಿನಿಂದ ಇಳಿಯುತ್ತಿದ್ದಂತೆ ಡಚ್ಚರು ಕುದುರೆಯಿಂದ ಜಿಗಿದು ನೀರಿನ ಕಡೆ ಓಡಿದರು. ಬಂಡೆಯಿಂದ ನೀರು ಬೆಚ್ಚಗೆ ಉಕ್ಕಿ ಬರುತ್ತದೆ, ಸುತ್ತಲ ಕಲ್ಲೆಲ್ಲ ಅರಿಶಿನ ಬಳಿದಂತೆ ಹಳದಿ. ಹಳೆಯ ಗುಡಾರದ ಕಲ್ಲಿನ ಉಂಗುರ ಹುಲ್ಲಿನಲ್ಲಿ ಇನ್ನೂ ಕಾಣುತ್ತದೆ. ಇಷ್ಟು ಚೆಂದದ ಜಾಗವನ್ನು ಇಪ್ಪತ್ತಾರು ವರ್ಷ ನನ್ನಿಂದ ಬಚ್ಚಿಟ್ಟನಲ್ಲ ಪಾಪಿ! ಉಂಗುರದ ನಡುವೆ ಕೂತು ಅತ್ತೆ. ಶಾರ್ಶೆನ್ ನೋಡಿ ಸಮಾಧಾನ ಮಾಡಲು ಬಂದ, ಅಣ್ಣನಿಗಾಗಿ ಅಳುತ್ತಿದ್ದೇನೆ ಅಂದುಕೊಂಡಿರಬೇಕು.

ಬಂಡೆಯ ಗೂಡಿನಲ್ಲಿ ಮರದ ಬಟ್ಟಲೊಂದು ಬೋರಲಾಗಿತ್ತು. ಅತ್ತೆಯದ್ದು. ಅಂಚಿನಲ್ಲಿ ಅವಳ ಕುಲದ ಗುರುತು ಕೊರೆದಿದೆ. ಡಚ್ಚರ ಹೆಂಗಸು ಅದನ್ನು ಕೈಯಲ್ಲಿ ಹಿಡಿದು ಬಿಡಲೊಲ್ಲಳು. ತಗೋ ಅಂತ ಕೊಟ್ಟೆ. ಶಾರ್ಶೆನ್ ಅಂದಿನಿಂದ ನನ್ನೊಡನೆ ಮಾತಾಡಿಲ್ಲ.

ಮನೆಗೆ ಬಂದ ಮೇಲೆ ಅವನಿಗೆ ಊಟ ಮಾಡಿಸುತ್ತ ಎಲ್ಲವನ್ನೂ ವಿವರವಾಗಿ ಹೇಳಿದೆ. ನೀರಿನ ಬಿಸಿ, ಕಲ್ಲು, ಬಟ್ಟಲು, ಎಲ್ಲ. ಹೋಗಲಾಗದಿದ್ದವನಿಗೆ ಕೇಳಿದರಾದರೂ ಹೋಗಿಬಂದಂತೆ ಆಗಲಿ ಅಂತ. ಅವನು ಗೋಡೆಗೆ ತಿರುಗಿ ಮಲಗಿದ. ಬೆನ್ನಿನ ಮೇಲೆ ಹುಣ್ಣು ಎದ್ದಿದೆ. ಬಾತ್ಮಾ ಮಗ್ಗುಲು ಬದಲಿಸಿಲ್ಲ, ಸೋಮಾರಿ.

ಆಗಸ್ಟ್ 2

ಲಿರಾ ಕುಣಿಯುತ್ತಿದ್ದಾಳೆ. ಬುಲಾಕ್ ಅಲ್ಲವಂತೆ, ಕಟಕಟೆ ಜೀನಿನ ಮೇಲೆ ಕೂತ ಮುದುಕನ ಫೋಟೋವನ್ನು ಡಚ್ಚರು ಹಾಕಿದ್ದಾರಂತೆ, ಲೋಕವೆಲ್ಲ ನೋಡುತ್ತಿದೆಯಂತೆ.

"ಎಜೆ, ಎಲ್ಲರೂ ಅವರನ್ನೇ ಕೇಳ್ತಿದಾರೆ! ಮೊದಲ ದಿನ ನಿಮ್ಮ ಅಂಗಳದಲ್ಲೇ ಇಡಿ. ಬೆಟ್ಟದ ಹಳೇ ಗೈಡ್ ಜೊತೆ ಒಂದು ಗಂಟೆ. ಟೋಪಿ, ಕುದುರೆ, ಎಲ್ಲ ಇರ್ಲಿ. ಇನ್ನೂ ಎರಡು ತಂಡ ಕಳಿಸ್ತೀನಿ."

"ಆಗ್ಲಿ. ಅವನಿಗೂ ಗಾಳಿಗೆ ಬಂದಂಗಾಗತ್ತೆ" ಅಂದೆ.

ಆಗಸ್ಟ್ 9

ಹೊಸ ತಂಡ ಬಂತು. ಒಬ್ಬೊಬ್ಬರೇ ಜೀನಿನ ಮೇಲಿದ್ದ ಮುದುಕನ ಪಕ್ಕ ನಿಂತು ಫೋಟೋ. ಒಬ್ಬ ಅವನ ಸತ್ತ ಕೈ ಎತ್ತಿ ತನ್ನ ಹೆಗಲ ಮೇಲೆ ಹಾಕಿಕೊಂಡ.

ಶಾರ್ಶೆನ್ ಕುದುರೆಯ ಲಗಾಮು ಬಿಟ್ಟು ನನ್ನ ಹತ್ತಿರ ಬಂದ. "ನಾನು ಆ ಜೀನು ಮಾಡಿದ್ದು ಇದಕ್ಕಲ್ಲ. ಅಣ್ಣನ್ನ ಗೊಂಬೆ ಮಾಡ್ಬಿಟ್ರಲ್ಲ ಅತ್ತಿಗೆ. ನಂಗೆ ಕೊಡಿ, ಇವತ್ತೇ ಮೇಲಕ್ಕೆ ಕರ್ಕೊಂಡು ಹೋಗ್ತೀನಿ."

"ಹಾದೀಲಿ ಸತ್ರೆ?"

"ಸಾಯ್ಲಿ! ಅಲ್ಲಾದ್ರೂ ಸಾಯ್ಲಿ!"

ತಮ್ಮನ ಬಾಯಲ್ಲಿ ಬರುವ ಮಾತೇ ಇದು? "ನಿಮ್ಮಣ್ಣನ ಒರೆಸೋಳು ನಾನು, ಎಲ್ಲಿಗೆ ಹೋಗ್ಬೇಕು ಅಂತ ಹೇಳೋಳೂ ನಾನೇ" ಅಂದೆ. ಚಾವಟಿ ನೆಲಕ್ಕೆಸೆದು ಹೊರಟುಹೋದ. ಕೆಳಗಿನೂರಲ್ಲಿ ಬೇರೆಯವರ ಕುದುರೆ ನೋಡಿಕೊಳ್ಳುತ್ತಾನಂತೆ. ಹೋಗಲಿ. ದಾರಿಗಳೆಲ್ಲ ನನ್ನ ಪುಸ್ತಕದಲ್ಲಿವೆ, ಹಿಂದೆ ಬರಲು ಯಾರಾದರೂ ಸಿಗುತ್ತಾರೆ.

ಆಗಸ್ಟ್ 21

ಕಣಿವೆಬಾಗಿಲಿಗೆ ಮೊದಲ ಹಿಮ ಬಿತ್ತು. ಇನ್ನು ಬುಲಾಕಿಗೆ ಜೂನ್‌ವರೆಗೆ ಯಾರೂ ಹೋಗುವಂತಿಲ್ಲ.

ಅವನಿಗೆ ಹೇಳಿದೆ. "ಬುಲಾಕ್" ಅನ್ನುತ್ತಾನೇನೋ ಅಂದುಕೊಂಡೆ. ಅನ್ನಲಿಲ್ಲ. ಒಂದು ವಾರದಿಂದ ಅಂದಿಲ್ಲ. ಮುಂದಿನ ವರ್ಷಕ್ಕೆ ಹೊಸ ಜಾಗ ಏನಾದರೂ ಇದೆಯೇ ಅಂತ ಜಮಖಾನ ಹೊದಿಸಿ ಉಂಡೆ ಕೊಟ್ಟೆ. ಅಂಗೈ ತೆರೆಯಲಿಲ್ಲ. ತಲೆಯಲ್ಲಿದ್ದದ್ದೆಲ್ಲ ಖಾಲಿಯಾಗಿರಬೇಕು.

ಆಗಸ್ಟ್ 27

ಈ ವರ್ಷದ ಕೊನೆಯ ತಂಡ. ಮುಂದಿನ ಬೇಸಿಗೆಯ ಪಟ್ಟಿ ಬೆಳಿಗ್ಗೆಯೇ ಲಿರಾಳಿಗೆ ಕಳಿಸಿದೆ. ಮೊದಲ ದಿನ ನಮ್ಮ ಅಂಗಳ, ಹಳೇ ಗೈಡ್ ಜೊತೆ ಚಹಾ. ಎರಡನೇ ದಿನ ಜಲಪಾತದ ಕೆಳಗೆ. ಮೂರು ಮತ್ತು ನಾಲ್ಕು ಸಾರಿ-ಬುಲಾಕ್.

ಮಧ್ಯಾಹ್ನ ಗಾಳಿ ಚಳಿಯಿತ್ತು. ಅವನನ್ನು ಜೀನಿಗೆ ಕಟ್ಟಿ, ಟೋಪಿ ನೆಟ್ಟಗೆ ಮಾಡಿ, ಗಲ್ಲ ಒರೆಸಿ ನಿಲ್ಲಿಸಿದೆ. ಬೆನ್ನಿನ ಹುಣ್ಣಿಗೆ ಹಲಗೆ ತಾಗದಿರಲಿ ಅಂತ ಚಿಂದಿಬಟ್ಟೆ ಇಟ್ಟಿದ್ದೆ, ಅದು ಜಾರಿರಬೇಕು. ಸ್ವಲ್ಪ ಹೊತ್ತಿಗೆ ಅವನ ತುಟಿ ಅಲುಗಾಡಿತು. ಲಕ್ವ ಹೊಡೆದ ಮೇಲೆ ಅವನ ಬಾಯಿಂದ ಬಂದ ಮೊದಲ ಹೊಸ ಮಾತು. ನರ್ಸಮ್ಮನಿಗೆ ಹೇಳಬೇಕು, ಖುಷಿಪಡುತ್ತಾಳೆ.

"ಇಳ್ಸು" ಅಂದ. ಮತ್ತೆ ಸ್ಪಷ್ಟವಾಗಿ, ನನ್ನನ್ನೇ ನೋಡಿ, "ಇಳ್ಸು."

ಕ್ಯಾಮೆರಾ ಹಿಡಿದಿದ್ದ ಹುಡುಗಿ, ಏನು ಹೇಳ್ತಿದಾರೆ ಅಂತ ಕೇಳಿದಳು. ಇನ್ನೂ ಆರು ಜನ ಸಾಲಿನಲ್ಲಿದ್ದರು.

"ಬನ್ನಿ, ನಿಮಗೆ ಸ್ವಾಗತ ಅಂತಿದಾರೆ" ಅಂದೆ.

ಅವಳಿಗೆ ಕಣ್ಣು ತುಂಬಿ ಬಂತು. ಎದೆಯ ಮೇಲೆ ಕೈಯಿಟ್ಟು, ಅವನ ಕಡೆ ಬಾಗಿ, "ಇಳ್ಸು" ಅಂದಳು. ಆಮೇಲೆ ಸಾಲಿನಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಹತ್ತಿರ ಹೋಗಿ ಅವನಿಗೆ ಹಾಗೇ ಹೇಳಿದರು. ನಾನು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟೆ.